ಎಂಜಿನ್ ಇಳಿಸಬೇಕು ಅಂದರೆ ಮೊದಲು ಕಾಂಪ್ರೆಷನ್ ರೀಡಿಂಗ್ ಕೇಳಿ

ತುಮಕೂರಿನಲ್ಲಿ ಹಳೇ ಪೆಟ್ರೋಲ್ ಕಾರು, ಅದರಲ್ಲೂ ರಸ್ತೆ ಮೇಲೆ ಅಪರೂಪಕ್ಕೆ ಕಾಣುವ ಮಾಡೆಲ್ ಇಟ್ಟುಕೊಂಡವರು ಇದನ್ನು ಓದಿ. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಗ್ಯಾರೇಜಿಗೆ ಬಿಟ್ಟರೆ, ಸಿಲಿಂಡರ್ ಒಳಗಿನ ಒತ್ತಡ (ಕಾಂಪ್ರೆಷನ್) ಅಳೆಯುವ ಒಂದು ಗೇಜ್ ಕೂಡ ಹಚ್ಚದೆ "ಎಂಜಿನ್ ಇಳಿಸಬೇಕು ಸರ್" ಅನ್ನುವವರಿದ್ದಾರೆ. ನನಗೆ ಬರೆದುಕೊಟ್ಟ ಎಸ್ಟಿಮೇಟ್ 90,000 ರೂಪಾಯಿ. ಹಾಳಾಗಿದ್ದದ್ದು ಬೆರಳುದ್ದದ ಒಂದು ರಬ್ಬರ್ ಪೈಪು.

ನನ್ನದು ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಗಾಡಿ, ಟಾಪ್ ತೆಗೆಯಬಹುದು. ಬಾಡಿ ಫೈಬರ್, ಎಂಜಿನ್ ರೆನೋದ್ದು, 1149 ಸಿಸಿ, 60 ಹಾರ್ಸ್‌ಪವರ್ ಆಸುಪಾಸು. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ಕೆಲವರು ನಗುತ್ತಾರೆ. ನಗಲಿ ಬಿಡಿ. ದೇವರಾಯನದುರ್ಗದ ತಿರುವುಗಳಲ್ಲಿ ಒಮ್ಮೆ ಓಡಿಸಿ ನೋಡಲಿ.

ತೊಂದರೆ ಹೀಗಿತ್ತು. ಎಂಜಿನ್ ಬಿಸಿಯಾದ ಮೇಲೆ ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತರೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲಾಗದಷ್ಟು ನಡುಕ. ಸೈಲೆನ್ಸರ್ ತುದಿಯಲ್ಲಿ ಮಸಿ, ಪೆಟ್ರೋಲ್ ವಾಸನೆ, ಮೈಲೇಜ್ ಪಾತಾಳಕ್ಕೆ. ಆದರೆ ದುರ್ಗದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಗಾಡಿ ಸಲೀಸಾಗಿ ಎಳೆಯುತ್ತಿತ್ತು. ಈ ಕೊನೆಯ ಮಾತನ್ನು ಗ್ಯಾರೇಜಿನಲ್ಲಿ ಒತ್ತಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಪ್ಲಗ್ ಬದಲಾಯಿಸಿದರು. ಕೆಲವು ದಿನ ಚೆನ್ನಾಗಿ ಓಡಿತು, ಮತ್ತೆ ಅದೇ ಕಥೆ. ಆಮೇಲೆ ಪ್ಲಗ್ ಕೇಬಲ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಕ್ಲೀನಿಂಗ್. ಜನ ಏಮಾರೋದು ಇಲ್ಲೇ. ಪೆಟ್ರೋಲ್ ಜಾಸ್ತಿ ಬೀಳುತ್ತಿರುವ ಎಂಜಿನ್‌ಗೂ ಹೊಸ ಪ್ಲಗ್ ಹಾಕಿದರೆ ಮತ್ತೆ ಮಸಿ ಕಟ್ಟುವವರೆಗೆ ಚೆನ್ನಾಗಿಯೇ ಓಡುತ್ತದೆ. "ನೋಡಿ ಸರ್, ಅರ್ಧ ಸರಿ ಹೋಯ್ತು, ಇನ್ನೊಂದು ಪಾರ್ಟ್ ಹಾಕಿದ್ರೆ ಪೂರ್ತಿ ಹೋಗುತ್ತೆ" ಅನ್ನೋದಕ್ಕೆ ಅಷ್ಟು ಸಾಕು.

ನಂತರ ಬಂತು ಸ್ಕ್ಯಾನರ್. ಕನೆಕ್ಟ್ ಆಗಲಿಲ್ಲ. "ಇಸಿಎಂ ಹೋಗಿದೆ ಸರ್, ಬೆಂಗಳೂರಿಂದ ತರಿಸಬೇಕು" ಅಂದರು. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದು ಸತ್ತಿದ್ದರೆ ಗಾಡಿ ಸ್ಟಾರ್ಟೇ ಆಗಬಾರದು, ಅಲ್ವಾ? ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ (ಗಾಡಿ ತನ್ನ ದೋಷ ತಾನೇ ಪತ್ತೆ ಹಚ್ಚುವ, ಸ್ಕ್ಯಾನರ್ ಓದುವ ವ್ಯವಸ್ಥೆ) ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಿಂದ, ಅದರ ಎರಡನೇ ಹಂತ 2013ರಿಂದ. ಅದಕ್ಕಿಂತ ಹಳೇ ಗಾಡಿಯ ಜೊತೆ ಈಗಿನ ಸಾದಾ ಸ್ಕ್ಯಾನರ್ ಮಾತಾಡದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇದನ್ನು ಕೇಳಿದ ಮೇಲೆ ಇಸಿಎಂ ಮಾತು ಬಿಟ್ಟು ಪೆಟ್ರೋಲ್ ಮೇಲೆ ಹಾಕಿದರು, ಎಲ್ಲಾ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಮಹಿಮೆ ಅಂತ. ಹಳೇ ರಬ್ಬರಿಗೆ ಎಥನಾಲ್ ಒಳ್ಳೆಯದಲ್ಲ ನಿಜ. ಆದರೆ ಎಥನಾಲ್‌ನಲ್ಲಿ ಆಮ್ಲಜನಕ ಇರುತ್ತದೆ, ಅದರಿಂದ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ತೆಳುವಾಗುತ್ತದೆಯೇ ಹೊರತು ಪ್ಲಗ್ ಕಪ್ಪಾಗುವುದಿಲ್ಲ.

ಕೊನೆಗೆ ಒಂದು ಕಪ್ಪು ಪ್ಲಗ್ ಕೈಗೆ ಕೊಟ್ಟು "ಆಯಿಲ್ ತಿಂತಿದೆ ಸರ್, ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು" ಅಂದರು. (ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಬಳೆ, ಅದು ಸವೆದರೆ ಒತ್ತಡ ಸೋರುತ್ತದೆ, ಆಯಿಲ್ ಸುಡುತ್ತದೆ. ಬೋರ್ ಅಂದರೆ ಸಿಲಿಂಡರ್ ಕೊರೆಸೋದು.) ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಒಂದು ಗೆರೆಯೂ ಇಳಿದಿರಲಿಲ್ಲ. ಕಾಂಪ್ರೆಷನ್ ಎಷ್ಟು ಬಂತು ಅಂತ ಕೇಳಿದೆ. "ಸೌಂಡ್ ಕೇಳಿದ್ರೇ ಗೊತ್ತಾಗುತ್ತೆ ಸರ್." ಗಾಡಿ ವಾಪಸ್ ತಂದೆ.

ಕ್ಯಾತ್ಸಂದ್ರದ ಕಡೆಯ ನೆಂಟರೊಬ್ಬರು ಹೇಳಿದ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಕಾರ್ಬುರೇಟರ್ ಕಾಲದವರು. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ್ದು, "ಏರಲ್ಲಿ ಎಳೆಯುತ್ತಾ?" ಎಳೆಯುತ್ತೆ ಅಂದೆ. "ಹಂಗಾದ್ರೆ ರಿಂಗ್ ಯಾಕೆ ಹೋಗಿರುತ್ತೆ ಸ್ವಾಮಿ, ರಿಂಗ್ ಹೋಗಿದ್ರೆ ಮೊದಲು ಏರಲ್ಲೇ ಸುಸ್ತಾಗಬೇಕು" ಅಂದರು.

ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಸಾಕೆಟ್ ಒಂದೊಂದಾಗಿ ಬಿಚ್ಚಿ ಹಾಕಿದರು. (ಪ್ಲಗ್ ಕೇಬಲ್ ಎಳೆದು ಈ ಪರೀಕ್ಷೆ ಮಾಡಲು ಬಿಡಬೇಡಿ. ಶಾಕ್ ಹೊಡೆಯೋದು ಒಂದು ಕಡೆ, ಕಾಯಿಲ್ ಸುಟ್ಟರೆ ಅದು ಬೇರೆ ಖರ್ಚು.) ಯಾವುದನ್ನು ಬಿಚ್ಚಿದರೂ ಆರ್‌ಪಿಎಂ ಒಂದೇ ಸಮ ಬೀಳುತ್ತಿತ್ತು. ಅಂದರೆ ನಾಲ್ಕೂ ಸಿಲಿಂಡರ್ ದುಡಿಯುತ್ತಿವೆ, ತೊಂದರೆ ನಾಲ್ಕಕ್ಕೂ ಒಟ್ಟಿಗೆ ಆಗಿದೆ. ಪ್ಲಗ್ ಬಿಚ್ಚಿದರು. ನಾಲ್ಕರ ಮೇಲೂ ಒಣ ಮಸಿ, ಬೆರಳಲ್ಲಿ ಒರೆಸಿದರೆ ಕಾಡಿಗೆಯ ಹಾಗೆ ಹತ್ತುತ್ತಿತ್ತು. ಆಯಿಲ್ ಸುಡುವ ಎಂಜಿನ್‌ನ ಪ್ಲಗ್ ಜಿಡ್ಡು ಜಿಡ್ಡಾಗಿ ಒದ್ದೆ ಇರುತ್ತದೆ. ನನ್ನ ಕೈಗೆ ಕೊಟ್ಟಿದ್ದ ಪ್ಲಗ್ ಕೂಡ ಒಣಗಿಯೇ ಇತ್ತು, ರಿಂಗ್ ಹೋಗಿದೆ ಅಂತ ಅದನ್ನೇ ತೋರಿಸಿದ್ದರು!

ನನ್ನ ಸಮಾಧಾನಕ್ಕೆ ಕಾಂಪ್ರೆಷನ್ನೂ ನೋಡಿದರು. ನಾಲ್ಕೂ 165ರಿಂದ 170 ಪಿಎಸ್‌ಐ ಒಳಗೆ. ಗಾಡಿಯಿಂದ ಗಾಡಿಗೆ ಅಂಕಿ ಬದಲಾಗುತ್ತದೆ, ಆದರೆ ಸಿಲಿಂಡರ್‌ಗಳ ನಡುವೆ ಶೇ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಚಿಂತೆ ಮಾಡಬೇಕು. ಈ ಪರೀಕ್ಷೆ ಮಾಡುವಾಗ ನೀವು ಅಲ್ಲೇ ನಿಂತಿರಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡೂ ಕಟ್ ಆಗಿರಬೇಕು, ಬ್ಯಾಟರಿಯಲ್ಲಿ ಚಾರ್ಜ್ ಇರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿಟ್ಟು ಸೆಲ್ಫ್ ಹೊಡೆದರೆ ಒಳ್ಳೇ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಗೇಜ್ ತೋರಿಸಿ ಹೆದರಿಸುವವರಿಗೆ ಇದು ಚೆನ್ನಾಗಿ ಗೊತ್ತು. ನಿಜವಾಗಿಯೂ ಕಡಿಮೆ ಬಂದರೆ, ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಏರಿದರೆ ರಿಂಗ್ ಕಡೆ ಅನುಮಾನ, ಏರದಿದ್ದರೆ ವಾಲ್ವ್ ಕಡೆ.

ಆಮೇಲೆ ಅವರು ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಅದರೊಳಗಿನ ಒತ್ತಡ ಅಳೆದು ಇಸಿಎಂಗೆ ತಿಳಿಸುವ ಮ್ಯಾಪ್ ಸೆನ್ಸರ್‌ಗೆ ಹೋಗುವ ಸಣ್ಣ ಪೈಪನ್ನು ಬಗ್ಗಿಸಿದರು. ಬಾಗಿದ ಜಾಗದಲ್ಲಿ, ಕೆಳಗಡೆ, ಸೀಳು ಬಿಟ್ಟಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಸೀಳಿನ ಮೇಲೆ ಹೆಬ್ಬೆರಳು ಒತ್ತಿದರು. ನಡುಕ ನಿಂತಿತು. ಬೆರಳು ತೆಗೆದರು, ಮತ್ತೆ ಶುರು.

ಆಗುತ್ತಿದ್ದದ್ದು ಇಷ್ಟೇ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ, ಥ್ರಾಟಲ್ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ (ಗಾಳಿ ಎಳೆಯುವ ಸೆಳೆತ) ಜಾಸ್ತಿ. ಸೀಳಿನಿಂದ ಹೊರಗಿನ ಗಾಳಿ ನುಗ್ಗಿದಾಗ ಆ ವ್ಯಾಕ್ಯೂಮ್ ಸೆನ್ಸರ್‌ಗೆ ತಲುಪುವುದಿಲ್ಲ. ಎಂಜಿನ್ ಮೇಲೆ ಲೋಡ್ ಬಿದ್ದಿದೆ ಅಂದುಕೊಂಡು ಇಸಿಎಂ ಪೆಟ್ರೋಲ್ ಸುರಿಯುತ್ತದೆ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮೇ ಇರುವುದಿಲ್ಲ, ಸೀಳು ಇದ್ದರೂ ಲೆಕ್ಕ ತಪ್ಪುವುದಿಲ್ಲ. ಅದಕ್ಕೇ ದುರ್ಗ ಹತ್ತುವಾಗ ಗಾಡಿ ಚೆನ್ನಾಗಿತ್ತು. ಇದರಲ್ಲಿ ಗಾಡಿಯದ್ದೇನೂ ತಪ್ಪಿಲ್ಲ, ಎಂಜಿನ್ ಬಿಸಿಗೆ ವರ್ಷಗಟ್ಟಲೆ ಬೆಂದರೆ ಯಾವ ರಬ್ಬರ್ ಆದರೂ ಸೀಳುತ್ತದೆ.

ಮೊದಲಿನ ಗ್ಯಾರೇಜಿಗೆ ಅಷ್ಟರಲ್ಲಿ 23,000 ಕೊಟ್ಟಾಗಿತ್ತು. ಬಿಚ್ಚಿದ ಹಳೇ ಕಾಯಿಲ್, ಕೇಬಲ್ ಕೊಡಿ ಅಂದರೆ "ಗುಜರಿಗೆ ಹೋಯ್ತು ಸರ್". ಬಿಲ್‌ನಲ್ಲಿ ಯಾವ ಪಾರ್ಟಿನ ನಂಬರೂ ಇಲ್ಲ, ಬರೀ "ಎಂಜಿನ್ ವರ್ಕ್". ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು ಅಂತ ಗೊತ್ತಿದ್ದರೂ, ಇಂಥ ಬಿಲ್ ಹಿಡಿದು ವಾದ ಮಾಡೋದು ಕಷ್ಟ. ಹಾಗಾಗಿ ಗಾಡಿ ಬಿಡುವಾಗಲೇ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ: ನನ್ನನ್ನು ಕೇಳದೆ ಪಾರ್ಟ್ ಬದಲಾಯಿಸಬೇಡಿ, ಬಿಚ್ಚಿದ್ದನ್ನು ಡಿಕ್ಕಿಯಲ್ಲೇ ಇಡಿ. ಅವರು ಸರಿ ಅಂತ ಉತ್ತರ ಕೊಟ್ಟ ಮೇಲೆ ಕೀ ಕೊಡಿ.

ಇನ್ನೊಂದು. ಹೀಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿರುವ ಗಾಡಿಯನ್ನು "ಓಡ್ತಿದೆಯಲ್ಲ" ಅಂತ ಸುಮ್ನೆ ಓಡಿಸಬೇಡಿ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನೂ ಸುಡುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ನನ್ನದರಲ್ಲಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಹೊಸ ಪೈಪು ಹಾಕಿದ ದಿನವೇ ಆಯಿಲ್, ಫಿಲ್ಟರ್ ಬದಲಾಯಿಸಿದೆವು. ಪ್ಲಗ್ ಮಾತ್ರ ಉಜ್ಜಿ ಅವನ್ನೇ ಹಾಕಿದರು, ಈಗಲೂ ಅವೇ ಓಡುತ್ತಿವೆ.