ತಾಮ್ರದ ತಂತಿ ಬಿಟ್ಟು ಇಂಟರ್ನೆಟ್ ಫೋನಿಗೆ: ಕೆಲವು ಮಳೆಗಾಲಗಳ ನಂತರದ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸಾಕಷ್ಟು ಒಳಗೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ಬದಿಯಲ್ಲಿ ನಮ್ಮ ಮನೆ. ಮೊಬೈಲ್ ಸಿಗ್ನಲ್ ಬೇಕಾದರೆ ಅಂಗಳ ದಾಟಿ ದರೆ ಹತ್ತಬೇಕು. ಸುತ್ತಮುತ್ತಲಿನ ಹೆಚ್ಚಿನ ಮನೆಗಳವರು ಲ್ಯಾಂಡ್‌ಲೈನ್ ಬಿಟ್ಟ ಮೇಲೂ ನಾವು ಅದನ್ನು ಉಳಿಸಿಕೊಂಡದ್ದು ಇದೇ ಕಾರಣಕ್ಕೆ. 2021ರಲ್ಲಿ ತಾಮ್ರದ ತಂತಿಯ ಸಂಪರ್ಕ ತೆಗೆಸಿ, ಫೈಬರ್ ಎಂಬ ಗಾಜಿನ ಎಳೆಯ ಮೂಲಕ ಬರುವ ಇಂಟರ್ನೆಟ್ ಫೋನ್ ಹಾಕಿಸಿದೆವು. ಇಷ್ಟು ಮಳೆಗಾಲ ಕಳೆದ ಮೇಲೆ ಧೈರ್ಯವಾಗಿ ಹೇಳಬಲ್ಲೆ: ಸ್ವರದ ಸ್ಪಷ್ಟತೆಗೆ, ಖರ್ಚಿಗೆ, ಬಾಳಿಕೆಗೆ ಹೊಸದೇ ಮೇಲು. ಆದರೆ ಹಳೆಯ ಲೈನಿಗೆ ಬೇಕಾದ ವಿದ್ಯುತ್ತು ಲೈನಿನಲ್ಲೇ ಬರುತ್ತಿತ್ತು, ಹೊಸದಕ್ಕೆ ಅದನ್ನು ನಾವು ಒದಗಿಸಬೇಕು. ಈ ವ್ಯವಸ್ಥೆ ಮಾಡಿಕೊಳ್ಳದೆ ಬದಲಾಯಿಸಿದವರಿಗೆ ಬೇಕಾದ ಹೊತ್ತಿನಲ್ಲಿ ಫೋನ್ ಸಿಗುವುದಿಲ್ಲ.

ಹಳೆಯ ಲೈನಿನ ಮೇಲೆ ನನಗೆ ಇಂದಿಗೂ ಗೌರವವಿದೆ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಅದೇ ಜೋಡಿ ತಂತಿಯಲ್ಲಿ ಮನೆಯವರೆಗೆ ಬರುತ್ತಿತ್ತು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕತ್ತಲೆಯಲ್ಲಿದ್ದಾಗಲೂ ರಿಸೀವರ್ ಎತ್ತಿದರೆ ಡೈಲ್ ಟೋನ್ ಕೇಳಿಸುತ್ತಿದ್ದುದು ಅದರಿಂದಲೇ. ಆದರೆ ಜೂನ್ ಬಂತೆಂದರೆ ಲೈನಿನ ರೋಗಗಳೂ ಶುರುವಾಗುತ್ತಿದ್ದವು. ರಸ್ತೆ ಬದಿಯ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುವುದು, ತಂತಿಯ ಜೋಡಣೆಗಳಿಗೆ ನೀರು ಇಳಿಯುವುದು, ಹಸಿರು ಕಿಲುಬು ಹಿಡಿಯುವುದು. ತೇವದ ಮೂಲಕ ಒಂದು ತಂತಿಯ ವಿದ್ಯುತ್ತು ಇನ್ನೊಂದಕ್ಕೆ ಸೋರತೊಡಗಿದರೆ ಕಿವಿಯೊಳಗೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದು. ಅಮ್ಮ ವಿಟ್ಲದಲ್ಲಿರುವ ಚಿಕ್ಕಮ್ಮನ ಜೊತೆ ಮಾತನಾಡುವಾಗ ಅರ್ಧ ಹೊತ್ತು "ಕೇಳಿಸುತ್ತಿದೆಯಾ?" ಎಂದು ಕೇಳುವುದರಲ್ಲೇ ಕಳೆಯುತ್ತಿತ್ತು. ಲೈನ್‌ಮ್ಯಾನ್ ಕೊಡೆ ಹಿಡಿದು ಬಂದು ಜೋಡಣೆ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಹೋದರೆ ಮುಂದಿನ ಜಡಿಮಳೆಯವರೆಗೆ ಸುಖ.

ಹೊಸ ಲೈನಿನಲ್ಲಿ ಈ ಸದ್ದು ಸಂಪೂರ್ಣ ಮಾಯ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಹೊರಗಿನ ತಂತಿಗೆ ತೇವ ತಾಗಿತೆಂದು ಅದು ಕರಕರ ಎನ್ನುವುದಿಲ್ಲ. ಸ್ವರವೇ ಹೆಚ್ಚು ತುಂಬಿಕೊಂಡು ಬರುತ್ತದೆ ಎಂದು ಕೆಲವರು ಹೇಳುತ್ತಾರೆ, ನನಗೆ ಹಾಗೆ ಅನಿಸಿಲ್ಲ. ಸಾಮಾನ್ಯ ಟೇಬಲ್ ಫೋನಿನ ಕರೆ ಇಲ್ಲಿಯೂ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ, ಸ್ವರದ ಹಳೆಯ ಹರವಿನಲ್ಲೇ ಸಾಗುತ್ತದೆ. ಮಾತಿನ ನಡುವಿನ ಮೌನ ಈಗ ನಿಜವಾದ ಮೌನವಾಗಿದೆ, ಅಷ್ಟೇ ವ್ಯತ್ಯಾಸ. ಕಿವಿ ಸ್ವಲ್ಪ ಮಂದವಾಗಿರುವ ಅಮ್ಮನಿಗೆ ಅದು ಬಹಳ ದೊಡ್ಡದು. ಮೊದಲ ವಾರವೇ ಚಿಕ್ಕಮ್ಮ, "ಅಕ್ಕಾ, ನೀನು ಪಕ್ಕದ ಕೋಣೆಯಲ್ಲಿ ಕುಳಿತು ಮಾತನಾಡಿದ ಹಾಗಿದೆ" ಎಂದರು. ಒಂದು ಕರೆಗೆ ಬೇಕಾಗುವುದು ಸೆಕೆಂಡಿಗೆ 100 ಕಿಲೋಬಿಟ್‌ನಷ್ಟು ಮಾತ್ರ. ನಮ್ಮ ಸಂಪರ್ಕದಲ್ಲಿ ಫೋನಿನ ಮಾತಿಗೆ ಪ್ರತ್ಯೇಕ ದಾರಿ ಮೀಸಲಿಟ್ಟಿರುವುದರಿಂದ ಮಕ್ಕಳು ಒಳಗೆ ಸಿನಿಮಾ ನೋಡುತ್ತಿದ್ದರೂ ಮಾತು ತುಂಡಾಗುವುದಿಲ್ಲ.

ಇನ್ನು ಕರೆಂಟಿನ ವಿಷಯ. ಫೈಬರ್ ಬಂದು ಸೇರುವ, ಫೋನ್ ಜೋಡಿಸುವ ಪೆಟ್ಟಿಗೆಯಾದ ಮೋಡೆಮ್‌ಗೆ 12 ವೋಲ್ಟ್‌ನ ಅಡಾಪ್ಟರ್ ಬೇಕು. ಅದು ಆರಿದರೆ ಫೋನೂ ಆರಿತು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದುಕೊಳ್ಳುವವರಿಗೆ ಒಂದು ಮಾತು: ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದ ಅಂತರದಲ್ಲಿ ನಮ್ಮ ಮೋಡೆಮ್ ಆರಿ ಹೊತ್ತಿಕೊಳ್ಳುತ್ತದೆ. ಮಾತನಾಡುತ್ತಿದ್ದ ಕರೆ ಕಡಿದುಹೋಗಿ, ಲೈನ್ ಮತ್ತೆ ಕಟ್ಟಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುವಾಗ ಇದು ತಾಳ್ಮೆ ಪರೀಕ್ಷಿಸುತ್ತದೆ. ಇದಕ್ಕೆ ಪರಿಹಾರ ಮಿನಿ ಯುಪಿಎಸ್ ಎಂದು ಸಿಗುವ, ಅಂಗೈಯಗಲದ ಪುಟ್ಟ ಬ್ಯಾಟರಿ ಪೆಟ್ಟಿಗೆ. ಅಡಾಪ್ಟರಿಗೂ ಮೋಡೆಮ್‌ಗೂ ನಡುವೆ ಅದನ್ನು ಜೋಡಿಸಿದರೆ ಕರೆಂಟು ಹೋದದ್ದು ಮೋಡೆಮ್‌ಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವಾಗ ಅಡಾಪ್ಟರಿನ ಬೆನ್ನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿ, ವೋಲ್ಟ್ ಸರಿಯಾಗಿ ಹೊಂದುವ, ಆಂಪಿಯರ್ ಅಷ್ಟಾದರೂ ಕೊಡಬಲ್ಲ ಪೆಟ್ಟಿಗೆಯನ್ನೇ ತನ್ನಿ. ನಮ್ಮದು ಕೆಲವು ಗಂಟೆ ಎಳೆಯುತ್ತದೆ. ಅದು ಮುಗಿಯುತ್ತಾ ಬಂದಾಗ ಇನ್ವರ್ಟರ್ ಹಾಕಿ ತುಂಬಿಸಿಕೊಳ್ಳುತ್ತೇವೆ.

ಹೀಗೆ ಮನೆಯೊಳಗೆ ಎಲ್ಲವೂ ಸರಿಯಿದ್ದರೂ ಫೋನ್ ಸತ್ತಿರಬಹುದು ಎಂಬುದು ಆಮೇಲೆ ತಿಳಿಯಿತು. ಫೈಬರಿನ ಇನ್ನೊಂದು ತುದಿಯಲ್ಲಿ ಓಎಲ್‌ಟಿ ಎಂಬ ಯಂತ್ರವಿರುತ್ತದೆ, ಹಲವಾರು ಮನೆಗಳಿಗೆ ಬೆಳಕು ಹೋಗುವುದು ಅಲ್ಲಿಂದ. ನಡುದಾರಿಯಲ್ಲಿ ಬೆಳಕನ್ನು ಹಂಚುವ ಪೆಟ್ಟಿಗೆಗಳಿಗೆ ವಿದ್ಯುತ್ತು ಬೇಡ, ಆದರೆ ಆ ಯಂತ್ರಕ್ಕೆ ಬೇಕು. ನಮ್ಮ ಕಡೆಯ ಯಂತ್ರ ಇದ್ದ ಕೋಣೆಯ ಬ್ಯಾಟರಿ ದುರ್ಬಲವಾಗಿದ್ದ ಒಂದು ಮಳೆಗಾಲದಲ್ಲಿ ಮೋಡೆಮ್ ಉರಿಯುತ್ತಿದ್ದರೂ ಇಡೀ ಬೈಲಿನ ಮನೆಗಳ ಫೋನ್ ಒಟ್ಟಿಗೆ ನಿಲ್ಲುತ್ತಿತ್ತು. ಊರವರೆಲ್ಲ ಸೇರಿ ಬರೆದು ಕೊಟ್ಟ ಮೇಲೆ ಬ್ಯಾಟರಿ ಬದಲಾಯಿತು. ಸಂಪರ್ಕ ಪಡೆಯುವ ಮೊದಲು ವೇಗ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಓಎಲ್‌ಟಿ ಎಲ್ಲಿದೆ, ಅದಕ್ಕೆ ಎಷ್ಟು ಹೊತ್ತಿನ ಬ್ಯಾಟರಿ ಇದೆ ಎಂಬುದನ್ನೂ ದಯವಿಟ್ಟು ಕೇಳಿ.

ಸಿಡಿಲಿನ ಮಟ್ಟಿಗೆ ಫೈಬರ್ ನಮಗೆ ದೊಡ್ಡ ಉಪಕಾರ ಮಾಡಿದೆ. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್–ನವೆಂಬರಿನಲ್ಲಿ ಮಧ್ಯಾಹ್ನ ಕಳೆದರೆ ಗುಡ್ಡದ ಮೇಲೆ ಮೋಡ ಕಟ್ಟುತ್ತದೆ. ತಾಮ್ರದ ಕಾಲದಲ್ಲಿ ಮೊದಲ ಗುಡುಗಿಗೇ ಫೋನಿನ ತಂತಿ ಕಿತ್ತಿಡಬೇಕಿತ್ತು. ಮರೆತರೆ ಫೋನ್ ಸುಟ್ಟು ಹೋಗುತ್ತಿತ್ತು, ಕಿವಿಗೆ ಹಿಡಿದವರಿಗೂ ಅಪಾಯ. ಗಾಜಿನ ಎಳೆ ಸಿಡಿಲನ್ನು ಒಳಗೆ ತರುವುದಿಲ್ಲ. ಹಾಗೆಂದು ನಿಶ್ಚಿಂತೆ ಬೇಡ, ಕರೆಂಟಿನ ತಂತಿ ತರುತ್ತದೆ. ಗುಡುಗು ಕೇಳಿದಾಗ ನಾವು ಅಡಾಪ್ಟರನ್ನು ಗೋಡೆಯಿಂದ ಕಿತ್ತುಬಿಡುತ್ತೇವೆ, ಮೋಡೆಮ್ ಮಿನಿ ಯುಪಿಎಸ್‌ನ ಬ್ಯಾಟರಿಯಲ್ಲೇ ನಡೆಯುತ್ತದೆ. ಹೊರಗೆ ಸಿಡಿಲಿನ ಆರ್ಭಟ ಇರುವಾಗಲೂ ಅಮ್ಮ ಫೋನಿನಲ್ಲಿ ಮಾತನಾಡಬಹುದಾದ ಸ್ಥಿತಿ ಈ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಒಂದು ಎಚ್ಚರಿಕೆ: ಕೆಲವು ಫೈಬರ್ ಕೇಬಲ್‌ಗಳ ಜೊತೆಗೆ ಜಗ್ಗದಿರಲೆಂದು ಉಕ್ಕಿನ ಸರಿಗೆ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಮನೆಯೊಳಗಿನ ಹಳೆಯ ಫೋನ್ ವೈರಿಂಗನ್ನು ಹೊಸ ಮೋಡೆಮ್‌ಗೆ ಜೋಡಿಸುವುದಾದರೂ ಅಷ್ಟೆ, ಹೊರಗಿನಿಂದ ಬಂದ ತಾಮ್ರದ ಜೋಡಿಯನ್ನು ಮೊದಲು ಪೂರ್ತಿ ಬೇರ್ಪಡಿಸಬೇಕು.

ತೋಟದ ಊರಿನಲ್ಲಿ ಫೈಬರಿಗೆ ಅದರದೇ ಶತ್ರುಗಳಿವೆ. ಸೋಗೆ ಬಿದ್ದರೆ ಕೇಬಲ್ ಜೋತುಬೀಳುತ್ತದೆ, ಗಾಳಿಗೆ ಅಡಿಕೆ ಮರವೇ ಮುರಿದು ಬಿದ್ದರೆ ಕಡಿಯುತ್ತದೆ, ಅಳಿಲು ಕಚ್ಚುತ್ತದೆ. ತಾಮ್ರವನ್ನಾದರೆ ನಾವೇ ಸಿಪ್ಪೆ ಸುಲಿದು ತಿರುಚಿ ಕಟ್ಟಿ ಆ ದಿನ ದೂಡಬಹುದಿತ್ತು. ಕಡಿದ ಗಾಜಿನ ಎಳೆಯನ್ನು ಯಂತ್ರವಿಟ್ಟು ಬೆಸೆಯಬೇಕು, ಕೆಲಸದವರು ಬರುವವರೆಗೆ ಕಾಯುವುದೇ. ಮೋಡೆಮ್‌ನ ಮೇಲೆ ಕೆಂಪು ದೀಪ ಮಿಣುಕಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ದೂರು ಕೊಡುವಾಗ ಇಷ್ಟು ಹೇಳಿದರೆ "ಆರಿಸಿ ಹಾಕಿ ನೋಡಿ" ಎಂಬ ಉಪದೇಶ ತಪ್ಪುತ್ತದೆ. ಕೇಬಲನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ, ತೀರಾ ಬಾಗಿದಲ್ಲಿ ಬೆಳಕು ಸೋರುತ್ತದೆ. ಕೆಲಸದವರ ಕೈಯಲ್ಲಿ ಬೆಳಕನ್ನು ಅಳೆಯುವ ಮೀಟರ್ ಇರುತ್ತದೆ. ಅದರಲ್ಲಿ ಮೈನಸ್ 27ರ ಹತ್ತಿರ ಬಂದರೆ ಲೈನ್ ಅಂಚಿನಲ್ಲಿದೆ ಎಂದು ತಿಳಿಯಿರಿ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ.

ನಮ್ಮ ಊರಿನ 04998 ಕೋಡಿನ ಹಳೆಯ ನಂಬರು ಹಾಗೆಯೇ ಉಳಿಯಿತು, ಅದೇ ಕಂಪನಿಯ ಫೈಬರಿಗೆ ಹೋದದ್ದರಿಂದ. ಮೊಬೈಲಿನ ಹಾಗೆ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅನುಕೂಲ ಲ್ಯಾಂಡ್‌ಲೈನಿಗೆ ಇಲ್ಲ. ಬಿಲ್ಲು ತಿಂಗಳಿಗೆ 500 ರೂಪಾಯಿಯ ಆಸುಪಾಸು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ದೇಶದೊಳಗಿನ ಕರೆಗಳೂ ಇಂಟರ್ನೆಟ್ಟೂ ಅದರಲ್ಲೇ ಸೇರಿವೆ. ಒಂದು ಕಾಲದಲ್ಲಿ ಮಂಗಳೂರಿಗೆ ಮಾತನಾಡುವಾಗ ಗಡಿಯಾರ ನೋಡುತ್ತಿದ್ದ ಮನೆ ಇದು. ಗುಂಡಿ ಒತ್ತುವ ಹಳೆಯ ಟೇಬಲ್ ಫೋನ್ ಸರಿಯಾಗಿ ನಡೆಯುತ್ತದೆ. ಅಜ್ಜನ ಕಾಲದ ತಿರುಗಿಸುವ ಡಯಲಿನ ಫೋನ್ ರಿಂಗಾಗುತ್ತದೆ, ಮಾತೂ ಕೇಳಿಸುತ್ತದೆ, ಆದರೆ ಅದರಿಂದ ನಂಬರು ತಿರುಗಿಸಿದರೆ ನಮ್ಮ ಮೋಡೆಮ್‌ಗೆ ಅರ್ಥವಾಗುವುದಿಲ್ಲ. ನಂಬರು ಒತ್ತಿದ ಮೇಲೆ ಕರೆ ಹೊರಡಲು ತುಸು ತಡವಾಗುತ್ತದೆ, ಕೊನೆಗೆ ಹ್ಯಾಶ್ ಗುಂಡಿ ಒತ್ತಿದರೆ ತಕ್ಷಣ ಹೋಗುತ್ತದೆ.

ಎಣಿಸದೇ ಸಿಕ್ಕ ಲಾಭ ವೈಫೈ ಕಾಲಿಂಗ್. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದರೆ ಸಿಗ್ನಲ್ ಇಲ್ಲದ ನಮ್ಮ ಒಳಕೋಣೆಯಲ್ಲೂ ಮಾಮೂಲಿ ಮೊಬೈಲ್ ನಂಬರಿಗೆ ಕರೆ ಬರುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ದರೆ ಹತ್ತುವುದು ನಿಂತಿತು. ಹಾಗಾದರೆ ಟೇಬಲ್ ಫೋನ್ ಏಕೆ ಎಂದು ಮಗ ಕೇಳುತ್ತಾನೆ. ರಾತ್ರಿ ಎದೆನೋವು ಬಂದರೆ ಅಮ್ಮ ಕತ್ತಲೆಯಲ್ಲೂ ತಡಕಿ ಎತ್ತಬಲ್ಲದ್ದು ಅದೊಂದನ್ನೇ. ಚಾರ್ಜ್ ಮುಗಿದಿದೆಯೋ, ಬೀಗ ಹಾಕಿದೆಯೋ, ಯಾವ ಚಿತ್ರ ಒತ್ತಬೇಕೋ ಎಂಬ ಪ್ರಶ್ನೆಗಳು ಅದಕ್ಕಿಲ್ಲ.

ದೂರಿನ ಸಹಾಯವಾಣಿ ಮಾತ್ರ ಇಂದಿಗೂ ನನ್ನನ್ನು ನೋಯಿಸುತ್ತದೆ. ಮಲಯಾಳ, ಇಂಗ್ಲಿಷ್, ಹಿಂದಿ, ಇಷ್ಟೇ ಆಯ್ಕೆ. ಲೈನ್ ಸರಿಮಾಡಲು ಬರುವ ಹುಡುಗ ತುಳು, ಕನ್ನಡ, ಮಲಯಾಳ ಮೂರನ್ನೂ ಸಲೀಸಾಗಿ ಆಡುತ್ತಾನೆ, ಅವನನ್ನು ಕಳಿಸಲು ಕೇಳಿಕೊಳ್ಳಬೇಕಾದ ದಾರಿಯಲ್ಲಿ ಮಾತ್ರ ಅಮ್ಮನಿಗೆ ಬರುವ ಭಾಷೆ ಇಲ್ಲ. ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಫೋನ್ ಕೆಟ್ಟಿದೆ ಎಂದು ಹೇಳಲು ಕನ್ನಡದ ಒಂದು ಗುಂಡಿ ಇಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಪ್ರತಿ ಸಲ ದೂರು ಕೊಡುವಾಗ ನಾನು ಇದನ್ನೂ ಸೇರಿಸಿ ಹೇಳುತ್ತೇನೆ, ನೀವೂ ಹೇಳಿ.

ಹೊಸ ಸಂಪರ್ಕ ಹಾಕಿಸುವವರು, ಕೆಲಸದವರು ಮನೆಯಲ್ಲಿರುವಾಗಲೇ ಒಂದು ಪರೀಕ್ಷೆ ಮಾಡಿಬಿಡಿ. ಮಿನಿ ಯುಪಿಎಸ್ ಮೊದಲೇ ತಂದು ಚಾರ್ಜ್ ಮಾಡಿಟ್ಟಿರಿ. ಎಲ್ಲ ಜೋಡಣೆ ಮುಗಿದ ಮೇಲೆ ಮೇನ್ ಸ್ವಿಚ್ ಆರಿಸಿ, ಟೇಬಲ್ ಫೋನಿನಿಂದ ಒಂದು ಕರೆ ಮಾಡಿ, ಹೊರಗಿನಿಂದ ಒಂದು ಕರೆ ತರಿಸಿಕೊಳ್ಳಿ. ಎರಡೂ ಸರಿಯಾಗಿ ನಡೆದ ಮೇಲೆಯೇ ಅವರ ಕಾಗದಕ್ಕೆ ಸಹಿ ಹಾಕಿ.