ಕಿಟಕಿಯ ಸಂದಿಗೆ ಸೀಲೆಂಟ್ ಹಾಕಿಸುವವರು ಮೊದಲು ಟ್ಯೂಬಿನ ಮೇಲಿನ ಬರಹ ಓದಿ

ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಕಿಟಕಿಗಳ ಹೊರಸಂದಿಯನ್ನು ಸೀಲೆಂಟ್, ಅಂದರೆ ಸಂದಿ ತುಂಬುವ ಅಂಟು, ಹಾಕಿ ಮುಚ್ಚಿಸಲು ಹೊರಟವರು ದಯವಿಟ್ಟು ಇದನ್ನು ಓದಬೇಕು. ಮಂಗಳೂರಿನ ನಮ್ಮ ಮನೆಯ ಅಲ್ಯೂಮಿನಿಯಂ ಚೌಕಟ್ಟಿಗೂ ಸಿಮೆಂಟ್ ಗಾರೆಗೂ ನಡುವಿನ ಸಂದಿ ಮುಚ್ಚಲು ಬಂದ ಗುತ್ತಿಗೆದಾರರು, "ಹತ್ತು ವರ್ಷ ಈ ಕಡೆ ತಿರುಗಿ ನೋಡುವುದೇ ಬೇಡ" ಎಂದು ಹೇಳಿ, ಹೊರಗೋಡೆಗೆಂದೇ ಇರುವ ಉತ್ತಮ ಸೀಲೆಂಟ್ ಎಂದು ಬಿಲ್ ಬರೆದು, ಪೂರ್ತಿ ಹಣ ಪಡೆದು ಹೋದರು. ಜೂನ್ ತಿಂಗಳ ಗಾಳಿಮಳೆ ಪಡುವಣ ಗೋಡೆಗೆ ಬಡಿದದ್ದೇ ತಡ, ಗೃಹಪ್ರವೇಶದಲ್ಲಿ ಮನೆಯನ್ನು ಹೊಗಳಿ ಹೋದ ನೆಂಟರ ಎದುರಿಗೇ ಕಿಟಕಿಯ ಕೆಳಗೆ ಬೈರಾಸು ಹಾಸುವ ಅವಮಾನ ನಮ್ಮದಾಯಿತು.

ಫೋನ್ ಮಾಡಿದಾಗ ಬಂದ ಉತ್ತರ, "ಅದು ಸೋರುವುದಲ್ಲ, ಹೊಸ ಗೋಡೆ ಬೆವರುವುದು." ಗೋಡೆ ಬೆವರುವುದಂತೆ! ಮತ್ತೆ ಕೇಳಿದ್ದಕ್ಕೆ, "ಈ ಸಲ ಮಳೆ ಜಾಸ್ತಿಯಲ್ಲವೇ?" ಎಂದರು, ಮಂಗಳೂರಿನವರಿಗೆ ಮಳೆಯ ನೆಪ ಹೇಳುವ ಧೈರ್ಯವನ್ನು ಮೆಚ್ಚಲೇಬೇಕು.

ಮಳೆ ಬಿಟ್ಟಾಗ ಮೂಲೆಯಲ್ಲಿ ಎದ್ದಿದ್ದ ತುದಿಯನ್ನು ಉಗುರಿನಿಂದ ಎಳೆದರೆ ಇಡೀ ಪಟ್ಟಿ ಶಾವಿಗೆಯ ಎಳೆಯಂತೆ ಕಿತ್ತು ಬಂತು, ಅದರ ಬೆನ್ನಿಗೆಲ್ಲ ಬಿಳಿ ಪುಡಿ. ಕಿಟಕಿಯ ಮೇಲಿನ ಸಜ್ಜಾದಲ್ಲಿ ಅವರು ಬಿಸಾಡಿದ್ದ ಖಾಲಿ ಟ್ಯೂಬಿನಲ್ಲಿ ಗಾಜಿಗೆ ಮತ್ತು ಮೀನಿನ ತೊಟ್ಟಿಗೆ ಹಾಕುವ ಸಿಲಿಕಾನ್ ಸೀಲೆಂಟ್ ಎಂದು ಬರೆದಿತ್ತು. ಕೆಲಸದ ದಿನ ವಿನೆಗರ್ ವಾಸನೆ ಮೂಗಿಗೆ ಅಡರಿದಾಗ ಅದೇನೆಂದು ಕೇಳಿದ್ದೆ. "ಒಳ್ಳೆಯ ಮಾಲಿಗೆ ವಾಸನೆ ಇದ್ದೇ ಇರುತ್ತದೆ" ಎಂದಿದ್ದರು! ಆ ಜಾತಿಯ ಸಿಲಿಕಾನ್ ಗಟ್ಟಿಯಾಗುವಾಗ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ಬಿಡುತ್ತದೆ, ಅದು ಗಾರೆಯ ಕ್ಷಾರದೊಡನೆ ಸೇರಿ ಹಿಡಿತವನ್ನೇ ಕೆಡಿಸುತ್ತದೆ. ಒಳ್ಳೆಯ ಮಾಲಂತೆ!

ರಿಪೇರಿಗೆಂದು ಗುತ್ತಿಗೆದಾರರು ಕಳುಹಿಸಿದ ಹುಡುಗ ಹಳೆಯದರ ಮೇಲೆಯೇ ಹೊಸದನ್ನು ಬಳಿದದ್ದಲ್ಲದೆ, ಕಿಟಕಿ ಸರಿಯುವ ಕೆಳಗಿನ ಹಳಿಯಿಂದ ನೀರು ಹೊರಹೋಗಲು ಬಿಟ್ಟ ರಂಧ್ರಗಳನ್ನೂ ಮುಚ್ಚಿದ. ಕೇಳಿದರೆ, "ತೂತು ಇದ್ದರೆ ನೀರು ಬರುವುದಿಲ್ಲವೇ?" ಅಂದಿನಿಂದ ಹಳಿ ತುಂಬಿ ನೀರು ನೇರವಾಗಿ ಕೋಣೆಗೇ ಇಳಿಯಿತು.

ಸಿಮೆಂಟಿಗೆ ಈ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನನ್ನೇ ಕೇಳಿ. ಸಿಲಿಕಾನಿನ ಮೇಲೆ ಬಣ್ಣ ನಿಲ್ಲುವುದಿಲ್ಲವಾದ್ದರಿಂದ ಬಣ್ಣ ಬಳಿಯುವುದಿದ್ದರೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿ. ಹಳೆಯದನ್ನು ಪೂರ್ತಿ ಕೆರೆದು, ಗೋಡೆ ಒಣಗಿದ ಮೇಲೆ, ಆಳದ ಸಂದಿಗೆ ಫೋಮ್ ಹುರಿ ತುಂಬಿಯೇ ಹಚ್ಚಬೇಕು. ಪ್ರತಿ ಬೇಸಿಗೆಯಲ್ಲಿ ಅಂಚು ಎದ್ದಿದೆಯೇ ನೋಡಿ. ಪೈಪಿನಿಂದ ನೀರು ಹಾಯಿಸಿ ನೋಡುವವರೆಗೆ ಕೊನೆಯ ಕಂತು ಕೊಡಲೇಬೇಡಿ, ಏಕೆಂದರೆ ಹಣ ವಾಪಸು ಕೇಳಿದ ನನಗೆ ಸಿಕ್ಕಿದ್ದು "ಮಾಲಿಗೆ ಗ್ಯಾರಂಟಿ ಕಂಪನಿಯದ್ದು, ನಮ್ಮದಲ್ಲ" ಎಂಬ ಮಾತು ಮಾತ್ರ.