ಹಳೆ ಫಿಯೆಟ್‌ಗೆ ಯಾವ ಗಾಳಿ ಪಂಪು? ಘಾಟಿ ರಸ್ತೆಯಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಕಾರು ಇಟ್ಟುಕೊಂಡು ಮಲೆನಾಡಿನಲ್ಲಿ ಓಡಾಡುವವರು ನೇರ ಬ್ಯಾಟರಿಗೆ ಕ್ಲಿಪ್ ಹಾಕುವ ಪಂಪನ್ನೇ ಕೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವುದು ಬೇಡ. ಚಾರ್ಜ್ ಮಾಡಿ ಇಟ್ಟುಕೊಳ್ಳುವ ಪುಟ್ಟ ಪಂಪು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿಕೊಂಡು ಆಗುಂಬೆ ಘಾಟಿ ಇಳಿಯಬೇಡಿ. ನನ್ನದು ಪ್ರೀಮಿಯರ್ ಪದ್ಮಿನಿ, ಅಂದರೆ ಎಲ್ಲರೂ ಫಿಯೆಟ್ ಅನ್ನುವ ಹಳೆ ಕಾರು. ಮನೆ ಶಿವಮೊಗ್ಗ, ಓಡಾಟ ಹೆಚ್ಚಾಗಿ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ. ಮೂರೂ ಬಗೆಯ ಪಂಪುಗಳನ್ನು ಈ ಗಾಡಿಯ ಟೈರಿಗೇ ಹಾಕಿ ನೋಡಿದ್ದೇನೆ.

ಸಾಕೆಟ್ ಯಾಕೆ ಬೇಡ ಅಂತೀರಾ? ಹಳೆ ಗಾಡಿಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ಇದ್ದರೂ ಮಧ್ಯದಲ್ಲಿ ಯಾವಾಗಲೋ ಯಾರೋ ಮೊಬೈಲ್ ಚಾರ್ಜ್ ಆಗಲಿ ಅಂತ ಸಣ್ಣ ವೈರ್ ಎಳೆದು ಕೂರಿಸಿದ್ದಾಗಿರುತ್ತದೆ. ಗಾಳಿ ಪಂಪು 10ರಿಂದ 15 ಆಂಪಿಯರ್ ಎಳೆಯುತ್ತದೆ. 12 ವೋಲ್ಟ್ ಲೆಕ್ಕದಲ್ಲಿ 120ರಿಂದ 180 ವಾಟ್ ಆಯಿತು. ಮೊಬೈಲ್‌ಗೆ ಅಂತ ಎಳೆದ ವೈರು ಅಷ್ಟು ತಡೆಯುವುದಿಲ್ಲ. ಫ್ಯೂಸ್ ಹೋದರೆ ಪುಣ್ಯ, ಯಾರಾದರೂ ಫ್ಯೂಸ್ ಜಾಗಕ್ಕೆ ತಂತಿ ಸುತ್ತಿಟ್ಟಿದ್ದರೆ ಡ್ಯಾಶ್‌ಬೋರ್ಡ್ ಒಳಗೆ ವೈರೇ ಬಿಸಿಯಾಗುತ್ತದೆ. ಅದೇ ಪಂಪಿನ ಕ್ಲಿಪ್ಪನ್ನು ಬ್ಯಾಟರಿಯ ಮೇಲೇ ಹಾಕಿದರೆ ಗಾಡಿಯ ಹಳೆ ವೈರಿಂಗ್‌ಗೆ ಕೆಲಸವೇ ಇಲ್ಲ. ಮೋಟರ್‌ಗೂ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಗಾಳಿ ಬೇಗ ತುಂಬುತ್ತದೆ.

ಬ್ಯಾಟರಿ ಇಳಿದುಹೋಗುತ್ತದೆ ಅಂತ ಕೆಲವರಿಗೆ ಭಯ. ಲೆಕ್ಕ ಹಾಕಿ ನೋಡಿ. 12 ಆಂಪಿಯರ್ ಎಳೆಯುವ ಪಂಪು 5 ನಿಮಿಷ ಓಡಿದರೆ ಖರ್ಚಾಗುವುದು 1 ಆಂಪಿಯರ್ ಅವರ್ ಮಾತ್ರ, ಕಾರಿನ ಬ್ಯಾಟರಿಯಲ್ಲಿ ಅದು ಸಣ್ಣ ಪಾಲು. ಬ್ಯಾಟರಿ ಗಟ್ಟಿಯಿದ್ದರೆ ಎಂಜಿನ್ ಬಂದ್ ಮಾಡಿಯೇ ಗಾಳಿ ತುಂಬಬಹುದು. ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಬದಲು ಇನ್ನೂ ಹಳೆ ಡೈನಮೋ ಇರುವ ಗಾಡಿಗಳಲ್ಲಂತೂ ಎಂಜಿನ್ ಸುಮ್ನೆ ಐಡಲ್‌ನಲ್ಲಿ ಬಿಟ್ಟರೆ ಪ್ರಯೋಜನ ಇಲ್ಲ, ಅಷ್ಟು ನಿಧಾನದಲ್ಲಿ ಅದು ಚಾರ್ಜೇ ಕೊಡುವುದಿಲ್ಲ.

ಇನ್ನೂ ಹಳೆಯ ಗಾಡಿ ಇರುವವರು ಒಂದು ವಿಷಯ ನೋಡಿಕೊಳ್ಳಲೇಬೇಕು. 1950ರ ದಶಕದ ಬ್ರಿಟಿಷ್ ಕಾರುಗಳಲ್ಲಿ, ಮಾರಿಸ್ ಮೈನರ್ ಥರದವುಗಳಲ್ಲಿ, ಈಗಿನ ಗಾಡಿಗಳಂತೆ ಮೈನಸ್ ಅಲ್ಲ, ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಡಿಜಿಟಲ್ ಪಂಪನ್ನು ಇಂಥ ಗಾಡಿಯ ಸಾಕೆಟ್‌ಗೆ ಚುಚ್ಚಿದರೆ ಕರೆಂಟ್ ಉಲ್ಟಾ ಹೋಗಿ ಅದರ ಸರ್ಕ್ಯೂಟ್ ಸುಡಬಹುದು. ಕ್ಲಿಪ್ ಆದರೆ ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಾಕಿದರೆ ಸರಿಹೋಗುತ್ತದೆ. ಆದರೆ ಮೈನಸ್ ಕ್ಲಿಪ್ಪು ಕಾರಿನ ಮೈಗೆ ತಾಗಬಾರದು. 6 ವೋಲ್ಟ್ ಗಾಡಿಗೆ ಈ 12 ವೋಲ್ಟ್ ಪಂಪುಗಳು ಬರುವುದೇ ಇಲ್ಲ, ಅಂಥವರಿಗೆ ಚಾರ್ಜ್ ಮಾಡುವ ಪಂಪೇ ಸರಿ.

ಈಗ ಟೈರಿನ ವಿಷಯ. ನಮ್ಮ ಗಾಡಿಗಳದು ಟ್ಯೂಬ್ ಟೈರು. ಟ್ಯೂಬ್‌ಲೆಸ್‌ಗೆ ಮೊಳೆ ಹೊಕ್ಕರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಪಂಪು ಹೊಡೆದುಕೊಂಡು ಊರು ಮುಟ್ಟಬಹುದು. ಟ್ಯೂಬಿಗೆ ಮೊಳೆ ಹೊಕ್ಕರೆ ಹಾಗಾಗುವುದಿಲ್ಲ, ನೋಡನೋಡುತ್ತಲೇ ಕೂತುಬಿಡುತ್ತದೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟಿನಲ್ಲಿ ಬರುವ, ತೂತಿಗೆ ತುರುಕುವ ರಬ್ಬರ್ ಬತ್ತಿಯೂ ಇಲ್ಲಿ ಉಪಯೋಗಕ್ಕಿಲ್ಲ. ಹಾಗಾದರೆ ಪಂಪು ಯಾಕೆ? ಮೊದಲನೆಯದು ಸ್ಟೆಪ್ನಿ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಸ್ಟೆಪ್ನಿಯಲ್ಲಿ ಬೇಕಾದಾಗ ಗಾಳಿ ಅರ್ಧವೂ ಇರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ತೀರ್ಥಹಳ್ಳಿಯ ಪಂಕ್ಚರ್ ಅಂಗಡಿಯವರೊಬ್ಬರು ನನಗೆ ಟ್ಯೂಬ್ ಬಿಚ್ಚಿ ತೋರಿಸಿ ಹೇಳಿದ್ದು ಹೀಗೆ: "ಸಾರ್, ಇದು ಮೊಳೆ ಅಲ್ಲ. ಗಾಳಿ ಕಮ್ಮಿ ಇದ್ರೆ ಟೈರು ರಿಮ್ ಮೇಲೆ ಜಾರುತ್ತೆ, ಜೊತೆಗೆ ಟ್ಯೂಬೂ ಜಾರುತ್ತೆ, ವಾಲ್ವ್ ಬುಡಾನೇ ಕಿತ್ತು ಬರುತ್ತೆ." ಅವರು ಹೇಳಿದ್ದು ನಿಜ. ಆಗುಂಬೆಯಲ್ಲಿ 14 ತಿರುವು, ಪ್ರತಿ ತಿರುವಲ್ಲೂ ಬ್ರೇಕು, ಗಾಳಿ ಕಮ್ಮಿಯಿದ್ದರೆ ಟ್ಯೂಬಿನ ಗತಿ ಏನಾಗಬೇಡ? ಹೊರಡುವ ಮುಂಚೆ ಮನೆ ಅಂಗಳದಲ್ಲೇ, ಟೈರು ತಣ್ಣಗಿರುವಾಗ ನೋಡಿ ತುಂಬಿಕೊಳ್ಳಲು ಪಂಪು ಬೇಕು. ಘಾಟಿ ಹತ್ತಿ ಬಂದ ಬಿಸಿ ಟೈರಿನಲ್ಲಿ ಗೇಜ್ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

ಪಂಪಿನ ಡಬ್ಬದ ಮೇಲೆ 150 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ನಮಗೆ ಅದು ಬೇಡವೇ ಬೇಡ. ನಮ್ಮ ಟೈರಿಗೆ 30 ದಾಟುವುದೇ ಅಪರೂಪ. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಅನ್ನುವುದು. ಪದ್ಮಿನಿಯಂಥ ಕಾರಿನ ಟೈರಿನೊಳಗೆ ಹೆಚ್ಚುಕಮ್ಮಿ 20 ಲೀಟರ್ ಜಾಗ ಇರುತ್ತದೆ ಅಂತಿಟ್ಟುಕೊಳ್ಳಿ. 15 ಪಿಎಸ್‌ಐನಿಂದ 30ಕ್ಕೆ ಏರಿಸಲು ಹೊರಗಿನಿಂದ ಇನ್ನೂ 20 ಲೀಟರ್ ಗಾಳಿ ಒಳಗೆ ಹೋಗಬೇಕು. ನಿಮಿಷಕ್ಕೆ 30 ಲೀಟರ್ ಅಂತ ಬರೆದ ಪಂಪು ಈ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ. ಡಬ್ಬದ ಮೇಲಿನ ಅಂಕಿ ಎದುರೊತ್ತಡ ಇಲ್ಲದಾಗಿನದು, ಟೈರಿಗೆ ಹಾಕಿದಾಗ ಅಷ್ಟು ಬರುವುದಿಲ್ಲ, ಅದಕ್ಕೇ ಸ್ವಲ್ಪ ದೊಡ್ಡದನ್ನೇ ನೋಡಿ. ಪ್ಲಾಸ್ಟಿಕ್ ಮೈಯವು ಬೇಗ ಕಾಯುತ್ತವೆ. ನಾನು ಇಟ್ಟುಕೊಂಡಿರುವುದು ಲೋಹದ ಸಿಲಿಂಡರ್ ಇರುವುದು, ಮೂರು ಸಾವಿರದ ಆಸುಪಾಸು. ಭಾರ ಇದೆ, ಗಲಾಟೆಯೂ ಇದೆ. ಆದರೆ ನಾಲ್ಕೂ ಟೈರಿಗೆ ಒಂದಾದ ಮೇಲೊಂದು ಗಾಳಿ ಹೊಡೆದರೂ ಸುಸ್ತಾಗುವುದಿಲ್ಲ. ಮುಗಿದ ಕೂಡಲೇ ಪೈಪಿನ ಹಿತ್ತಾಳೆ ತುದಿ ಮುಟ್ಟಬೇಡಿ, ಚೆನ್ನಾಗಿ ಸುಡುತ್ತದೆ.

ಚಾರ್ಜ್ ಮಾಡುವ ಪಂಪು ಮನೆಯಲ್ಲಿ ಬಳಸಲು ನನಗೆ ತುಂಬಾ ಇಷ್ಟ. ಒತ್ತಡ ಸೆಟ್ ಮಾಡಿದರೆ ತಾನೇ ನಿಲ್ಲುತ್ತದೆ. ತೊಂದರೆ ಏನೆಂದರೆ ಹಳೆ ಕಾರು ದಿನಾ ಓಡುವುದಿಲ್ಲ. ಭಾನುವಾರ ಹೊರಗೆ ತೆಗೆಯುವ ಗಾಡಿಯಲ್ಲಿ ಪಂಪು ಸುಮ್ನೆ ಬಿದ್ದಿರುತ್ತದೆ, ಚಾರ್ಜ್ ನೋಡುವುದು ಮರೆತೇ ಹೋಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಬಿಸಿ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಂತೂ ಡಿಕ್ಕಿಯೊಳಗೆ ಚಾಪೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಕ್ಲಿಪ್ ಪಂಪನ್ನೂ ನಾನು ಬಟ್ಟೆ ಸುತ್ತಿ ಮುಚ್ಚಳದ ಡಬ್ಬಿಯಲ್ಲೇ ಇಡುತ್ತೇನೆ, ಇಲ್ಲದಿದ್ದರೆ ಕ್ಲಿಪ್ಪಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ.

ಗೇಜ್ ಬೇರೆಯೇ ಒಂದು ಇಟ್ಟುಕೊಳ್ಳಿ. ಪಂಪು ಓಡುವಾಗ ಅದರ ಮುಳ್ಳು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ನಿಲ್ಲಿಸಿ ನೋಡಬೇಕು. ತಿರುಗಿಸಿ ಹಾಕುವ ತುದಿಗಿಂತ ಒತ್ತಿ ಹಿಡಿಸುವ ತುದಿ ಒಳ್ಳೆಯದು. ತಿರುಗಿಸಿ ಬಿಚ್ಚುವಷ್ಟರಲ್ಲಿ ತುಂಬಿದ ಗಾಳಿಯಲ್ಲೇ ಸ್ವಲ್ಪ ಹೊರಗೆ ಹೋಗಿಬಿಡುತ್ತದೆ, ಅಲ್ವಾ?

ಕೊಳ್ಳುವಾಗ ಗಾಡಿ ತೆಗೆದುಕೊಂಡೇ ಹೋಗಿ. ಬಾನೆಟ್ ಎತ್ತಿಸಿ, ಕ್ಲಿಪ್ ಹಾಕಿಸಿ, ಹಿಂದಿನ ಚಕ್ರಕ್ಕೆ ಪೈಪು ಮುಟ್ಟುತ್ತದಾ ನೋಡಿ. ಬ್ಯಾಟರಿ ಮುಂದೆ ಇರುವ ಗಾಡಿಗೆ ವೈರು, ಪೈಪು ಎರಡೂ ಸೇರಿ 4 ಮೀಟರ್ ಆದರೂ ಬೇಕು. ಅಂಬಾಸಿಡರ್ ಇನ್ನೂ ಉದ್ದ, ಅದಕ್ಕೆ 5 ಇದ್ದರೆ ನೆಮ್ಮದಿ. ಆಮೇಲೆ ಅಂಗಡಿಯವರ ಎದುರಿಗೇ ಸ್ಟೆಪ್ನಿಯ ಗಾಳಿ ಬಿಟ್ಟು ತುಂಬಿಸಿ ತೋರಿಸಿ ಅನ್ನಿ. ಒಳ್ಳೆ ಮಾಲು ಇಟ್ಟಿರುವವರು ಖಂಡಿತ ಬೇಡ ಅನ್ನುವುದಿಲ್ಲ.